ವೆಲ್ಡಿಂಗ್ ಗ್ಯಾಸ್ ಸಿಲಿಂಡರ್‌ಗಳ ಸುರಕ್ಷಿತ ಸಾಗಣೆ ಮತ್ತು ನಿರ್ವಹಣೆ: ಸಮಗ್ರ ಮಾರ್ಗದರ್ಶಿ

ಗ್ರಿಲ್, ಗೇಟ್, ಶೆಡ್ ಕೆಲಸ ಮಾಡುವ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಅನಿಲದ ಜ್ವಾಲೆಯಿಂದ ಲೋಹ ಬೆಸೆಯುವ, ಕತ್ತರಿಸುವ ಟಾರ್ಚ್ ಹಿಡಿಯಲು ಬಾರದವರು ಅಪರೂಪ. ಆದರೆ ಸಿಲಿಂಡರ್ ಅನ್ನು ಸರಿಯಾದ ಕ್ರಮದಲ್ಲಿ ಕಳಚಿ, ವಾಹನಕ್ಕೆ ಹೇರಿ, ಇಳಿಸಿ, ಮತ್ತೆ ಜೋಡಿಸುವವರನ್ನು ಹುಡುಕಬೇಕಾಗುತ್ತದೆ. ಪೀಣ್ಯದಂತಹ ಕೈಗಾರಿಕಾ ಪ್ರದೇಶದಲ್ಲಾಗಲಿ, ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಹಿಂದಿನ ಸಾಲು ಅಂಗಡಿಗಳಲ್ಲಾಗಲಿ ಒಂದೇ ನೋಟ ಕಾಣುತ್ತದೆ: ಗೂಡ್ಸ್ ಆಟೊದ ಹಿಂಭಾಗದಲ್ಲಿ ಆಕ್ಸಿಜನ್ ಮತ್ತು ಡಿಎ (ಅಸಿಟಿಲಿನ್) ಸಿಲಿಂಡರ್‌ಗಳು ಅಕ್ಕಪಕ್ಕ ಮಲಗಿರುತ್ತವೆ, ಎರಡಕ್ಕೂ ಅನಿಲದ ಒತ್ತಡ ತಗ್ಗಿಸುವ ರೆಗ್ಯುಲೇಟರ್ ಹಾಗೆಯೇ ಇರುತ್ತದೆ, ಹೋಸ್ ಸುತ್ತಿ ಮೇಲೆ ಎಸೆದಿರುತ್ತದೆ, ಅವುಗಳ ಮೇಲೆ ಹೆಲ್ಪರ್ ಹುಡುಗ ಕುಳಿತಿರುತ್ತಾನೆ.

ಈ ಬರಹದಲ್ಲಿ ಒಂದು ಮಾತನ್ನು ಉಳಿದೆಲ್ಲಕ್ಕಿಂತ ಒತ್ತಿ ಹೇಳಬೇಕಾಗಿದೆ. ಟ್ರಾಲಿಯ ಮೇಲೆ ಭದ್ರವಾಗಿ ನಿಂತಿರುವ ಸಿಲಿಂಡರ್ ಅನ್ನು ಬಿಟ್ಟು, ಬೇರಾವ ಸಿಲಿಂಡರ್ ಕೂಡ ರೆಗ್ಯುಲೇಟರ್ ಕಳಚಿ ವಾಲ್ವ್ ಕಾಯುವ ಕ್ಯಾಪ್ ಹಾಕುವ ತನಕ ಇದ್ದ ಜಾಗದಿಂದ ಕದಲಬಾರದು. ಉಕ್ಕಿನ ಮೈ ಎಷ್ಟೇ ಗಟ್ಟಿಯಾಗಿದ್ದರೂ ಅದರ ಕುತ್ತಿಗೆಯಲ್ಲಿರುವ ಹಿತ್ತಾಳೆಯ ವಾಲ್ವ್ ಒಂದು ಹೊಡೆತಕ್ಕೆ ಮುರಿಯಬಲ್ಲದು. ರೆಗ್ಯುಲೇಟರ್ ಇದ್ದರೆ ಆ ಹೊಡೆತಕ್ಕೆ ಸನ್ನೆಗೋಲಿನ ಬಲವೂ ಸೇರಿಕೊಳ್ಳುತ್ತದೆ.

## ಹಂತ 1: ಕೈಯಲ್ಲಿರುವ ಅನಿಲ ಯಾವುದೆಂದು ತಿಳಿಯಿರಿ

ನಮ್ಮಲ್ಲಿ ಬಳಕೆಯಲ್ಲಿರುವ ದೊಡ್ಡ ಆಕ್ಸಿಜನ್ ಸಿಲಿಂಡರ್‌ನ ಒಳಗಾತ್ರ ಸುಮಾರು 46.7 ಲೀಟರ್. ಅದರಲ್ಲಿ ಸುಮಾರು 150 ಬಾರ್ ಒತ್ತಡದಲ್ಲಿ 7 ಘನ ಮೀಟರ್ ಅನಿಲವನ್ನು ತುಂಬಿರುತ್ತಾರೆ. ಖಾಲಿ ಸಿಲಿಂಡರ್‌ನ ತೂಕವೇ 50 ಕಿಲೋಗ್ರಾಂಗೂ ಹೆಚ್ಚು. ವಾಲ್ವ್ ಮುರಿದರೆ ಈ ಒತ್ತಡವೆಲ್ಲ ಒಂದು ಸಣ್ಣ ರಂಧ್ರದಿಂದ ನುಗ್ಗುವುದರಿಂದ ಸಿಲಿಂಡರ್ ರಾಕೆಟ್‌ನಂತೆ ಹಾರಿ ಇಟ್ಟಿಗೆ ಗೋಡೆಯನ್ನೂ ಒಡೆಯಬಲ್ಲದು. ಆಕ್ಸಿಜನ್ ತಾನಾಗಿ ಉರಿಯುವುದಿಲ್ಲ, ಆದರೆ ಉರಿಯುವ ಎಲ್ಲವನ್ನೂ ಭೀಕರವಾಗಿ ಉರಿಸುತ್ತದೆ. ಎಣ್ಣೆ ಮತ್ತು ಗ್ರೀಸ್ ಅದರ ಒತ್ತಡಕ್ಕೆ ಸಿಕ್ಕರೆ ಕಿಡಿ ಇಲ್ಲದೆಯೂ ಹೊತ್ತಿಕೊಳ್ಳಬಹುದು.

ಡಿಎ, ಅಂದರೆ ಕರಗಿಸಿದ ಅಸಿಟಿಲಿನ್, ಬೇರೆಯೇ ಸ್ವಭಾವದ ಅನಿಲ. ಆ ಸಿಲಿಂಡರ್ ಒಳಗೆ ಟೊಳ್ಳಾಗಿರುವುದಿಲ್ಲ. ಸೂಕ್ಷ್ಮ ರಂಧ್ರಗಳುಳ್ಳ ಗಟ್ಟಿ ಪದಾರ್ಥ ತುಂಬಿರುತ್ತದೆ, ಅದರಲ್ಲಿ ಅಸಿಟೋನ್ ಹೀರಿಕೊಂಡಿರುತ್ತದೆ, ಆ ಅಸಿಟೋನ್‌ನಲ್ಲಿ ಅನಿಲ ಕರಗಿರುತ್ತದೆ. ಅಸಿಟಿಲಿನ್ ಹೀಗೆ ಕರಗಿರುವವರೆಗೆ ಸ್ಥಿರವಾಗಿರುತ್ತದೆ. ಹೊರಗೆ ಬಂದ ಮೇಲೆ 1 ಬಾರ್‌ಗಿಂತ ಹೆಚ್ಚಿನ ಒತ್ತಡಕ್ಕೆ ಸಿಕ್ಕರೆ ಗಾಳಿಯ ಸಹಾಯವಿಲ್ಲದೆ ತಾನಾಗಿಯೇ ವಿಭಜನೆಗೊಂಡು ಸ್ಫೋಟಿಸಬಲ್ಲದು. ಗಾಳಿಯೊಂದಿಗೆ ಬೆರೆತಾಗ ಶೇ. 2.5ರಿಂದ ಸುಮಾರು ಶೇ. 80ರವರೆಗಿನ ಯಾವ ಪ್ರಮಾಣದಲ್ಲಿದ್ದರೂ ಹೊತ್ತಿಕೊಳ್ಳುತ್ತದೆ. ಇಷ್ಟು ವಿಶಾಲ ವ್ಯಾಪ್ತಿ ನಾವು ನಿತ್ಯ ಬಳಸುವ ಬೇರೆ ಯಾವ ಅನಿಲಕ್ಕೂ ಇಲ್ಲ.

ಕಟಿಂಗ್‌ಗೆ ಎಲ್‌ಪಿಜಿ ಬಳಸುವವರು ನೆನಪಿಡಬೇಕಾದದ್ದು, ಅದು ಗಾಳಿಗಿಂತ ಭಾರ. ಸೋರಿದರೆ ಮೋರಿ, ಸಂಪ್, ನೆಲಮಾಳಿಗೆಯಂತಹ ತಗ್ಗುಗಳಲ್ಲಿ ಶೇಖರವಾಗುತ್ತದೆ. ಅಡುಗೆಮನೆಯ 14.2 ಕಿಲೋಗ್ರಾಂ ಸಿಲಿಂಡರ್ ಅನ್ನು ಈ ಕೆಲಸಕ್ಕೆ ತರುವುದು ಕಾನೂನುಬಾಹಿರ. ಆರ್ಗಾನ್ ವಿಷವೂ ಅಲ್ಲ, ಉರಿಯುವುದೂ ಇಲ್ಲ, ಆದರೆ ಮುಚ್ಚಿದ ಕೋಣೆಯಲ್ಲಿ ಸೋರಿದರೆ ಉಸಿರಾಡುವ ಗಾಳಿಯನ್ನೇ ಪಕ್ಕಕ್ಕೆ ತಳ್ಳಿ ಯಾವ ವಾಸನೆಯ ಎಚ್ಚರಿಕೆಯೂ ಇಲ್ಲದೆ ಪ್ರಜ್ಞೆ ತಪ್ಪಿಸುತ್ತದೆ.

ಬಣ್ಣಗಳು ಗುರುತಿಗೆ ಸಹಾಯ ಮಾಡುತ್ತವೆ: ಕೈಗಾರಿಕಾ ಆಕ್ಸಿಜನ್ ಕಪ್ಪು, ಡಿಎ ಮೆರೂನ್, ಆರ್ಗಾನ್ ನೀಲಿ. ಆದರೆ ಬಿಸಿಲಿಗೆ ಮಾಸಿದ, ತುಕ್ಕು ಹಿಡಿದ, ಮೇಲೆ ಮತ್ತೊಮ್ಮೆ ಬಣ್ಣ ಬಳಿದ ಸಿಲಿಂಡರ್‌ಗಳು ಬೇಕಾದಷ್ಟಿವೆ. ಆದ್ದರಿಂದ ಬಣ್ಣ ನೋಡಿದ ಮೇಲೂ ಲೇಬಲ್ ಓದಬೇಕು. ಲೇಬಲ್ ಇಲ್ಲದ ಸಿಲಿಂಡರ್ ಅನ್ನು ಸ್ವೀಕರಿಸಲೇಬಾರದು.

## ಹಂತ 2: ಸಲಕರಣೆಗಳನ್ನು ಮೊದಲೇ ಹೊಂದಿಸಿಕೊಳ್ಳಿ

ಸರಪಳಿ ಅಥವಾ ಬೆಲ್ಟ್ ಇರುವ ಎರಡು ಚಕ್ರದ ಸಿಲಿಂಡರ್ ಟ್ರಾಲಿ, ಪ್ರತಿ ಸಿಲಿಂಡರ್‌ಗೆ ಹೊಂದುವ ವಾಲ್ವ್ ಕ್ಯಾಪ್, ಅಳತೆಗೆ ಸರಿಯಾದ ಸ್ಪ್ಯಾನರ್, ಡಿಎ ವಾಲ್ವ್ ತೆರೆಯುವ ಕೀ, ಸೋಪಿನ ನೀರು ಮತ್ತು ಬ್ರಷ್, ಸ್ಟೀಲ್ ಟೋ ಇರುವ ಶೂ, ಎಣ್ಣೆ ಅಂಟಿರದ ಚರ್ಮದ ಗ್ಲೌಸ್, ಕಣ್ಣಿನ ಕನ್ನಡಕ. ವಾಹನಕ್ಕೆ ಕನಿಷ್ಠ ಎರಡು ರಾಚೆಟ್ ಬೆಲ್ಟ್ (ಹಿಡಿಕೆಯಿಂದ ಬಿಗಿಯುವ ಪಟ್ಟಿ) ಮತ್ತು ಒಂದು ಡ್ರೈ ಪೌಡರ್ ಅಗ್ನಿಶಾಮಕ ಇರಬೇಕು.

ಇವುಗಳಲ್ಲಿ ಎಲ್ಲರೂ ಕೈಬಿಡುವುದು ರಾಚೆಟ್ ಬೆಲ್ಟ್ ಅನ್ನು. ನೈಲಾನ್ ಹಗ್ಗ ಇದೆಯಲ್ಲ ಎನ್ನುತ್ತಾರೆ. ಕಟ್ಟಿದಾಗ ಬಿಗಿಯಾಗಿಯೇ ಇರುವ ಆ ಹಗ್ಗ, ನಾಲ್ಕೈದು ರೋಡ್ ಹಂಪ್ ದಾಟುವಷ್ಟರಲ್ಲಿ ಗಂಟಿನ ಬಳಿ ಎಳೆದುಕೊಂಡು ಎರಡು ಬೆರಳು ತೂರುವಷ್ಟು ಸಡಿಲವಾಗಿರುತ್ತದೆ. ಅಷ್ಟು ಸಡಿಲ ಸಿಕ್ಕರೆ ಸಿಲಿಂಡರ್‌ನ ತಲೆ ಅತ್ತಿತ್ತ ತೂಗಾಡಿ ಪಕ್ಕದ್ದಕ್ಕೆ ಬಡಿಯಲು ಸಾಕು. ನುಣುಪಾದ, ದುಂಡಗಿನ ಉಕ್ಕಿನ ಮೈಯ ಮೇಲೆ ಹಗ್ಗಕ್ಕೆ ಹಿಡಿತವೇ ಇರುವುದಿಲ್ಲ.

## ಹಂತ 3: ಗ್ಯಾಸ್ ಡಿಪೋದಲ್ಲಿ ಪಡೆಯುವಾಗಲೇ ಪರೀಕ್ಷಿಸಿ

ಭುಜದ ಭಾಗದಲ್ಲಿ ಒತ್ತಿರುವ ಅಕ್ಷರಗಳನ್ನು ನೋಡಿ. ಆಕ್ಸಿಜನ್‌ನಂತಹ ಅನಿಲದ ಉಕ್ಕಿನ ಸಿಲಿಂಡರ್‌ಗೆ ಐದು ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆ ಆಗಿರಬೇಕು. ಕೊನೆಯ ಪರೀಕ್ಷೆಯ ದಿನಾಂಕ ಅಲ್ಲಿಯೇ ಇರುತ್ತದೆ. ಅವಧಿ ಮೀರಿದ್ದರೆ ಹಿಂದಿರುಗಿಸಿ. ಮೈಮೇಲೆ ಆಳವಾದ ತಗ್ಗು, ಗೀರು, ಪದರು ಪದರಾಗಿ ಏಳುವ ತುಕ್ಕು, ಸುಟ್ಟ ಬಣ್ಣದ ಕಲೆ ಅಥವಾ ಆರ್ಕ್ (ವಿದ್ಯುತ್ ವೆಲ್ಡಿಂಗ್‌ನ ಕಿಡಿ) ತಾಗಿದ ಚುಕ್ಕೆ ಇದ್ದರೆ ಅದನ್ನು ತೆಗೆದುಕೊಳ್ಳಬೇಡಿ. ಆರ್ಕ್ ತಾಗಿದ ಗುರುತು ನೋಡಲು ಚಿಕ್ಕದಾದರೂ ಆ ಬಿಂದುವಿನಲ್ಲಿ ಉಕ್ಕಿನ ಗುಣವೇ ಬದಲಾಗಿ ಬಿರುಕಿಗೆ ದಾರಿಯಾಗಿರುತ್ತದೆ.

ವಾಲ್ವ್‌ನ ಬಾಯಿಯಲ್ಲಿ ಎಣ್ಣೆಯ ಜಿಡ್ಡು, ಮಣ್ಣು ಅಥವಾ ಜೇಡರ ಗೂಡು ಇದೆಯೇ ನೋಡಿ. ನಂತರ ಕ್ಯಾಪ್ ಪೂರ್ತಿ ಥ್ರೆಡ್‌ನಲ್ಲಿ ಕೂರುತ್ತದೆಯೇ ಎಂದು ತಿರುಗಿಸಿ ಪರೀಕ್ಷಿಸಿ. ಒಂದೇ ಸುತ್ತಿಗೆ ನಿಂತ ಕ್ಯಾಪ್ ಹೊಡೆತವನ್ನು ತಡೆಯುವುದಿಲ್ಲ. ಕ್ಯಾಪ್ ಇಲ್ಲದ ಸಿಲಿಂಡರ್ ಕೊಡುವ ಡಿಪೋಗಳಿವೆ, ಅದನ್ನು ಪ್ರಶ್ನಿಸದೆ ತರುವ ನಾವೂ ಇದ್ದೇವೆ. ಕೇಳಿ ಪಡೆಯುವುದು ಗ್ರಾಹಕನ ಹಕ್ಕು.

## ಹಂತ 4: ಕಳಚುವ ಕ್ರಮ

ಅತಿ ಹೆಚ್ಚು ಎಡವುವುದು ಇಲ್ಲಿಯೇ ಆದ್ದರಿಂದ ಈ ಹಂತವನ್ನು ನಿಧಾನವಾಗಿ ಓದಬೇಕು. ಕೆಲಸ ಮುಗಿದ ಮೇಲೆ ಟಾರ್ಚ್‌ನ ನಾಬ್ ಮುಚ್ಚಿ ಜ್ವಾಲೆ ಆರಿಸಿದರೆ ಗ್ಯಾಸ್ ಬಂದ್ ಆಯಿತು ಎಂದು ಭಾವಿಸುವವರು ಬಹಳ. ಆಗ ಮುಚ್ಚಿರುವುದು ಟಾರ್ಚ್ ಮಾತ್ರ. ಸಿಲಿಂಡರ್‌ನಿಂದ ಟಾರ್ಚ್‌ವರೆಗಿನ ಅಷ್ಟೂ ಹೋಸ್ ಒತ್ತಡದಲ್ಲೇ ಇರುತ್ತದೆ.

1. ಜ್ವಾಲೆ ಆರಿದ ಮೇಲೆ ಮೊದಲು ಇಂಧನ ಸಿಲಿಂಡರ್‌ನ ವಾಲ್ವ್, ನಂತರ ಆಕ್ಸಿಜನ್ ಸಿಲಿಂಡರ್‌ನ ವಾಲ್ವ್ ಮುಚ್ಚಿ. ಕೈಬಲದಲ್ಲಿ ಅಥವಾ ಅದಕ್ಕಾಗಿಯೇ ಇರುವ ಕೀಯಿಂದ ಮುಚ್ಚಬೇಕು. ಪೈಪ್ ರೆಂಚ್ ಹಾಕಿ ಬಿಗಿದರೆ ಒಳಗಿನ ಸೀಟ್ (ವಾಲ್ವ್ ಕೂತು ಮುಚ್ಚುವ ಅಂಚು) ಹಾಳಾಗಿ ಮುಂದೆಂದೂ ಪೂರ್ತಿ ಮುಚ್ಚುವುದಿಲ್ಲ.

2. ಟಾರ್ಚ್‌ನ ಆಕ್ಸಿಜನ್ ನಾಬ್ ಒಂದನ್ನೇ ತೆರೆದು ಹೋಸ್‌ನ ಅನಿಲವನ್ನು ಹೊರಬಿಡಿ. ರೆಗ್ಯುಲೇಟರ್‌ನ ಎರಡೂ ಗೇಜ್ ಸೊನ್ನೆಗೆ ಬಂದ ಮೇಲೆ ನಾಬ್ ಮುಚ್ಚಿ. ಬಳಿಕ ಇಂಧನದ ನಾಬ್ ತೆರೆದು ಹಾಗೆಯೇ ಮಾಡಿ. ಎರಡನ್ನೂ ಒಟ್ಟಿಗೆ ತೆರೆದರೆ ಒಂದು ಅನಿಲ ಇನ್ನೊಂದರ ಹೋಸ್‌ಗೆ ಹಿಮ್ಮುಖವಾಗಿ ಹೋಗಬಹುದು, ಮರುದಿನ ಹೊತ್ತಿಸುವಾಗ ಅಲ್ಲಿಯೇ ಹಿನ್ನುಗ್ಗುವ ಜ್ವಾಲೆ ಹುಟ್ಟುತ್ತದೆ. ಈ ಕೆಲಸವನ್ನು ತೆರೆದ ಜಾಗದಲ್ಲಿ, ಸುತ್ತಮುತ್ತ ಗ್ರೈಂಡರ್ ಕಿಡಿಯಾಗಲಿ ಬೀಡಿಯಾಗಲಿ ಇಲ್ಲದಾಗ ಮಾತ್ರ ಮಾಡಬೇಕು.

3. ಎರಡೂ ರೆಗ್ಯುಲೇಟರ್‌ಗಳ ಒತ್ತಡದ ತಿರುಪನ್ನು ಸಡಿಲವಾಗಿ ಆಡುವವರೆಗೆ ಹಿಂದಕ್ಕೆ ತಿರುಗಿಸಿ.

4. ಒಂದೆರಡು ನಿಮಿಷ ಗೇಜ್‌ಗಳನ್ನು ಗಮನಿಸಿ. ಸೊನ್ನೆಯಲ್ಲಿದ್ದ ಮುಳ್ಳು ನಿಧಾನವಾಗಿ ಮೇಲೇರುತ್ತಿದ್ದರೆ ಸಿಲಿಂಡರ್ ವಾಲ್ವ್ ಸೋರುತ್ತಿದೆ ಎಂದೇ ಅರ್ಥ. ಅಂತಹ ಸಿಲಿಂಡರ್ ಅನ್ನು ವಾಹನಕ್ಕೆ ಹೇರಬಾರದು. ಈ ಎರಡು ನಿಮಿಷಕ್ಕೆ ಯಾರೂ ಕಾಯುವುದಿಲ್ಲ. ಆದರೆ ಮುಚ್ಚಿದ ವ್ಯಾನ್‌ನಲ್ಲಿ ಅನಿಲ ತುಂಬುವ ಅನಾಹುತವನ್ನು ತಡೆಯಲು ಇದಕ್ಕಿಂತ ಸುಲಭವಾದ ಪರೀಕ್ಷೆ ಬೇರೆ ಇಲ್ಲ.

5. ಈಗ ರೆಗ್ಯುಲೇಟರ್ ಕಳಚಿ. ಆಕ್ಸಿಜನ್‌ನದ್ದು ಸಾಮಾನ್ಯ ಬಲಗೈ ಥ್ರೆಡ್. ಡಿಎ ಮತ್ತು ಎಲ್‌ಪಿಜಿಯದ್ದು ಎಡಗೈ ಥ್ರೆಡ್, ಅಂದರೆ ಬಲಕ್ಕೆ ತಿರುಗಿಸಿದರೆ ಸಡಿಲವಾಗುತ್ತದೆ. ಎಡಗೈ ನಟ್‌ಗಳ ಆರು ಮೂಲೆಗಳಲ್ಲಿ ಸಣ್ಣ ಕಚ್ಚುಗಳಿರುತ್ತವೆ, ಮಸಿ ಹಿಡಿದಿದ್ದರೂ ಬೆರಳು ಸವರಿದರೆ ತಿಳಿಯುತ್ತದೆ. ಇದನ್ನು ಗಮನಿಸದೆ ಎಡಕ್ಕೆ ಬಲವಾಗಿ ತಿರುಗಿಸುತ್ತಾ ಹೋಗಿ ಥ್ರೆಡ್ ಕಿತ್ತುಕೊಳ್ಳುವುದು ಹೊಸ ಹುಡುಗರ ಸಾಮಾನ್ಯ ತಪ್ಪು.

6. ಕ್ಯಾಪ್ ಹಾಕಿ, ಪೂರ್ತಿ ಸುತ್ತುಗಳಲ್ಲಿ ಕೂರಿಸಿ. ರೆಗ್ಯುಲೇಟರ್‌ಗಳನ್ನು ಸ್ವಚ್ಛ ಬಟ್ಟೆಯಲ್ಲಿ ಸುತ್ತಿ ಪ್ರತ್ಯೇಕ ಪೆಟ್ಟಿಗೆಯಲ್ಲಿಡಿ. ಗ್ರೀಸ್ ಗನ್ ಅಥವಾ ಎಣ್ಣೆ ಡಬ್ಬಿ ಇರುವ ಟೂಲ್ ಬಾಕ್ಸ್‌ಗೆ ಆಕ್ಸಿಜನ್ ರೆಗ್ಯುಲೇಟರ್ ಹಾಕುವುದು ಅಪಾಯಕಾರಿ ಅಭ್ಯಾಸ.

ತುಕ್ಕಿನಿಂದ ಕ್ಯಾಪ್ ಹಿಡಿದುಕೊಂಡಿದ್ದರೆ ಅದರ ಕಿಂಡಿಯೊಳಗೆ ಸಲಾಕೆ ತೂರಿಸಿ ತಿರುಗಿಸಬಾರದು. ಸಲಾಕೆಯ ತುದಿ ಒಳಗಿನ ವಾಲ್ವ್‌ಗೆ ತಾಗಿ ಅದನ್ನು ತೆರೆದುಬಿಡಬಹುದು. ಕೈಗೆ ಬಾರದ ಕ್ಯಾಪ್ ಅನ್ನು ಪೂರೈಕೆದಾರನೇ ತೆಗೆಯಲಿ.

## ಹಂತ 5: ನೆಲದ ಮೇಲೆ ಸಾಗಿಸುವುದು

ಹತ್ತು ಹೆಜ್ಜೆಯ ದೂರವಾದರೂ ಟ್ರಾಲಿ ಬಳಸಿ, ಬೆಲ್ಟ್ ಹಾಕಿದ ಮೇಲೆಯೇ ಹಿಂದಕ್ಕೆ ಬಾಗಿಸಿ. ಸಿಲಿಂಡರ್ ಅನ್ನು ಓರೆ ಮಾಡಿ ಬುಡದ ಅಂಚಿನ ಮೇಲೆ ಉರುಳಿಸಿಕೊಂಡು ಹೋಗುವ ರೂಢಿ ಎಲ್ಲೆಡೆ ಇದೆ. ಸಮತಟ್ಟಾದ, ಒಣಗಿದ ಕಾಂಕ್ರೀಟ್ ನೆಲದಲ್ಲಿ, ಕ್ಯಾಪ್ ಇರುವ ಒಂದೇ ಸಿಲಿಂಡರ್ ಅನ್ನು ತರಬೇತಿ ಪಡೆದವರು ಕೆಲವು ಹೆಜ್ಜೆ ಹೀಗೆ ಸರಿಸಬಹುದು. ಎರಡು ಕೈಗೆ ಎರಡು ಸಿಲಿಂಡರ್ ಹಿಡಿದು ಉರುಳಿಸುವ ಕೈಚಳಕವನ್ನು ಮೆಚ್ಚುವ ಬದಲು ಮಾಲೀಕರು ತಡೆಯಬೇಕು.

ಮಲಗಿಸಿ ಕಾಲಿನಿಂದ ಒದ್ದು ಉರುಳಿಸುವುದು, ಕ್ಯಾಪ್ ಹಿಡಿದು ಎಳೆಯುವುದು, ನೆಲದ ಮೇಲೆ ಜಾರಿಸುವುದು ಇವೆಲ್ಲ ನಿಷಿದ್ಧ. ನಿಂತ ಸಿಲಿಂಡರ್ ಬೀಳಲು ಶುರುವಾದರೆ ಹಿಡಿಯಲು ಹೋಗಬೇಡಿ. ಅರವತ್ತು ಕಿಲೋಗ್ರಾಂ ತೂಕ ವಾಲಿದ ಮೇಲೆ ಒಬ್ಬನ ಕೈಗೆ ನಿಲ್ಲುವುದಿಲ್ಲ. ಬೆರಳು, ಪಾದ ಜಜ್ಜಿಹೋಗುವುದು ಹೀಗೆಯೇ. ಕ್ಯಾಪ್ ಇದ್ದರೆ ಅದು ಬೀಳಲಿ, ನೀವು ಸರಿದುಕೊಳ್ಳಿ.

## ಹಂತ 6: ವಾಹನಕ್ಕೆ ಹೇರುವುದು

ಕೇಂದ್ರ ಸರ್ಕಾರದ ಗ್ಯಾಸ್ ಸಿಲಿಂಡರ್ ನಿಯಮಗಳು, 2016 ಈ ವಿಷಯದಲ್ಲಿ ಸ್ಪಷ್ಟವಾಗಿವೆ. ಅವುಗಳನ್ನು ಜಾರಿಗೊಳಿಸುವುದು ನಾಗಪುರದಲ್ಲಿ ಪ್ರಧಾನ ಕಚೇರಿ ಇರುವ ಪೆಸೊ, ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ. ತುಂಬಿದ ಸಿಲಿಂಡರ್ ಅನ್ನು ಸೈಕಲ್‌ನಲ್ಲಾಗಲಿ ಯಾವುದೇ ದ್ವಿಚಕ್ರ ಮೋಟಾರು ವಾಹನದಲ್ಲಾಗಲಿ ಸಾಗಿಸುವಂತಿಲ್ಲ. ಸ್ಕೂಟರ್‌ನ ಫುಟ್‌ಬೋರ್ಡ್ ಮೇಲೆ ಚಿಕ್ಕ ಸಿಲಿಂಡರ್ ಇಟ್ಟುಕೊಂಡು ಹೋಗುವುದೂ ಇದರಲ್ಲಿ ಸೇರುತ್ತದೆ. ಸಿಲಿಂಡರ್ ವಾಹನದ ಅಕ್ಕಪಕ್ಕಕ್ಕಾಗಲಿ ಹಿಂದಕ್ಕಾಗಲಿ ಚಾಚಿಕೊಂಡಿರಬಾರದು. ಒಳಗೆ ಚೂಪಾದ ಕಬ್ಬಿಣದ ತುದಿಗಳಿರಬಾರದು. ಒಂದಕ್ಕೊಂದು ತಾಗದಂತೆ, ಬೀಳದಂತೆ ಬಿಗಿದಿರಬೇಕು. ಪೆಟ್ರೋಲ್, ಥಿನ್ನರ್, ಆಸಿಡ್‌ನಂತಹ ವಸ್ತುಗಳು ಅದೇ ವಾಹನದಲ್ಲಿರಬಾರದು. ಹದಿನೆಂಟು ವರ್ಷದೊಳಗಿನವರನ್ನು ಮತ್ತು ಕುಡಿದವರನ್ನು ಹೇರುವ, ಇಳಿಸುವ, ಸಾಗಿಸುವ ಕೆಲಸಕ್ಕೆ ಹಚ್ಚುವಂತಿಲ್ಲ. ಸಿಲಿಂಡರ್ ಎತ್ತಲು ಮ್ಯಾಗ್ನೆಟ್ ಕ್ರೇನ್ ಬಳಸುವಂತಿಲ್ಲ.

ಹೆಚ್ಚಿನವರಿಗೆ ಅರಿವಿಲ್ಲದ ನಿಯಮ ಇನ್ನೊಂದಿದೆ. ಉರಿಯುವ ಅನಿಲದ ಸಿಲಿಂಡರ್ ಅನ್ನು ಬೇರೆ ಬಗೆಯ ಅನಿಲದ ಸಿಲಿಂಡರ್ ಜೊತೆಗೆ ಒಂದೇ ವಾಹನದಲ್ಲಿ ಸಾಗಿಸಬಾರದು. ಅಂದರೆ ಆಕ್ಸಿಜನ್ ಮತ್ತು ಡಿಎ ಸೆಟ್ ಅನ್ನು ಒಟ್ಟಿಗೆ ಹೇರಿಕೊಂಡು ಸೈಟ್‌ಗೆ ಹೊರಡುವ ನಮ್ಮ ನಿತ್ಯದ ಪದ್ಧತಿಯೇ ತಪ್ಪು. ಎರಡು ಟ್ರಿಪ್ ಮಾಡಬೇಕು, ಇಲ್ಲವೇ ಪೂರೈಕೆದಾರರಿಂದಲೇ ನೇರವಾಗಿ ಸೈಟ್‌ಗೆ ತರಿಸಿಕೊಳ್ಳಬೇಕು. ಬಾಡಿಗೆ ಹೆಚ್ಚಾಗುತ್ತದೆ ಎಂಬ ದೂರು ನ್ಯಾಯವಾದದ್ದೇ. ಆ ಖರ್ಚನ್ನು ಕೊಟೇಶನ್‌ನಲ್ಲಿಯೇ ಸೇರಿಸಿಕೊಳ್ಳುವುದು ಅದಕ್ಕಿರುವ ಪರಿಹಾರ. ಸೋರುವ ಇಂಧನದ ಪಕ್ಕದಲ್ಲೇ ಸೋರುವ ಆಕ್ಸಿಜನ್ ಇದ್ದರೆ ಏನಾಗುತ್ತದೆ ಎಂಬುದನ್ನು ವೆಲ್ಡರ್‌ಗೆ ಬೇರೆಯವರು ವಿವರಿಸಬೇಕಾಗಿಲ್ಲ.

ಹೇರುವ ಕ್ರಮ ಹೀಗಿರಲಿ. ತೆರೆದ ಬಾಡಿಯ ವಾಹನವನ್ನು ಆರಿಸಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಹಾಕಿ. ಹೇರುವ ಹಲಗೆ ಅಥವಾ ಟೇಲ್ ಲಿಫ್ಟ್ ಬಳಸಿ; ಅವಿಲ್ಲದಿದ್ದರೆ ಇಬ್ಬರು ಸೇರಿ ಎತ್ತಿ, ಒಬ್ಬನ ಹಿಡಿತ ಬುಡದಲ್ಲಿರಲಿ, ಇನ್ನೊಬ್ಬನದು ಭುಜದ ಕೆಳಗಿರಲಿ. ಕ್ಯಾಪ್ ಹಿಡಿಕೆಯಲ್ಲ. ಸಿಲಿಂಡರ್ ಅನ್ನು ಚಾಲಕನ ಕ್ಯಾಬಿನ್‌ನ ಹಿಂಬದಿಗೆ ಒರಗಿಸಿ ನೇರವಾಗಿ ನಿಲ್ಲಿಸಿ, ಕೆಳಗೆ ರಬ್ಬರ್ ಮ್ಯಾಟ್ ಹಾಸಿ. ಒಂದು ಬೆಲ್ಟ್ ಎತ್ತರದ ಮೂರನೇ ಒಂದು ಭಾಗದಲ್ಲಿ, ಇನ್ನೊಂದು ಮೂರನೇ ಎರಡು ಭಾಗದಲ್ಲಿ ಬರುವಂತೆ ಬಿಗಿಯಿರಿ. ಎರಡು ಸಿಲಿಂಡರ್ ನಡುವೆ ರಬ್ಬರ್ ಅಥವಾ ಮರದ ತುಂಡು ಇರಲಿ. ಕೊನೆಗೆ ಎರಡೂ ಕೈಯಿಂದ ತಳ್ಳಿ ನೋಡಿ, ಅಲುಗಿದರೆ ಬೆಲ್ಟ್ ಮತ್ತೆ ಬಿಗಿಯಿರಿ.

ಡಿಎ ಮತ್ತು ಎಲ್‌ಪಿಜಿ ಸಿಲಿಂಡರ್‌ಗಳನ್ನು ಮಲಗಿಸಿ ಸಾಗಿಸಲೇಬಾರದು. ಡಿಎ ಮಲಗಿದಾಗ ಅಸಿಟೋನ್ ವಾಲ್ವ್‌ನ ಕಡೆಗೆ ಬಂದು ನಿಲ್ಲುತ್ತದೆ, ಬಳಸುವಾಗ ಅನಿಲದೊಂದಿಗೆ ದ್ರವವೂ ಹೊರಬಂದು ರೆಗ್ಯುಲೇಟರ್‌ನ ಒಳಭಾಗವನ್ನು, ಹೋಸ್‌ನ ರಬ್ಬರ್ ಅನ್ನು ಹಾಳುಮಾಡುತ್ತದೆ. ಅಸಿಟೋನ್ ಕಡಿಮೆಯಾದ ಸಿಲಿಂಡರ್ ಮುಂದಿನ ಸಲ ತುಂಬಿದಾಗಲೂ ಅಸುರಕ್ಷಿತ.

ಕಾರಿನ ಡಿಕ್ಕಿ, ಮುಚ್ಚಿದ ಓಮ್ನಿ ವ್ಯಾನ್‌ಗಳನ್ನು ಪೂರ್ತಿಯಾಗಿ ಮರೆತುಬಿಡಿ. ಗಂಟೆಗಟ್ಟಲೆ ನಿಲ್ಲಿಸಿದ ಮುಚ್ಚಿದ ವಾಹನದಲ್ಲಿ ಕಣ್ಣಿಗೆ ಕಾಣದ ಸೋರಿಕೆಯೂ ಸಾಕಷ್ಟು ಅನಿಲವನ್ನು ತುಂಬಿಸುತ್ತದೆ, ರಿಮೋಟ್‌ನಿಂದ ಬಾಗಿಲು ತೆರೆಯುವಾಗಿನ ಒಂದು ಸಣ್ಣ ವಿದ್ಯುತ್ ಕಿಡಿ ಅದನ್ನು ಹೊತ್ತಿಸಬಲ್ಲದು.

## ಹಂತ 7: ದಾರಿಯಲ್ಲಿ

ಮೊದಲ ಕೆಲವು ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಲ್ಲಿಸಿ ಬೆಲ್ಟ್ ಪರೀಕ್ಷಿಸಿ. ಸಿಲಿಂಡರ್ ಜೊತೆ ಹಿಂಭಾಗದಲ್ಲಿ ಯಾರೂ ಕುಳಿತುಕೊಳ್ಳಬಾರದು. ಊಟಕ್ಕೆ ನಿಲ್ಲಿಸುವುದಾದರೆ ಹೋಟೆಲ್‌ನ ಒಲೆಯಿಂದ, ಕಸ ಸುಡುವ ಜಾಗದಿಂದ ದೂರ, ನೆರಳಿನಲ್ಲಿ ನಿಲ್ಲಿಸಿ. ಕಲಬುರಗಿ, ರಾಯಚೂರು ಕಡೆಯ ಬೇಸಿಗೆಯಲ್ಲಿ ಮಧ್ಯಾಹ್ನದ ಸಾಗಣೆಯನ್ನೇ ತಪ್ಪಿಸಿ, ಬೆಳಗಿನ ಹೊತ್ತಿಗೆ ಮುಗಿಸುವುದು ಒಳ್ಳೆಯದು. ಟಾರ್ಪಾಲ್ ಹೊದಿಸಿ ನಾಲ್ಕೂ ಕಡೆ ಬಿಗಿದು ಕಟ್ಟಿದರೆ ತೆರೆದ ವಾಹನವೂ ಮುಚ್ಚಿದಂತೆಯೇ. ಗಾಳಿಯಾಡಲು ಎರಡು ಬದಿ ತೆರೆದಿರಲಿ.

## ಹಂತ 8: ಸೈಟ್‌ನಲ್ಲಿ ಇಳಿಸುವುದು

ವಾಹನದಿಂದ ನೆಲಕ್ಕೆ ಬೀಳಿಸುವುದಕ್ಕೆ ಹಳೆಯ ಟೈರ್ ಹಾಸಿಕೊಳ್ಳುವ ಪದ್ಧತಿ ನಮ್ಮಲ್ಲಿದೆ. ಟೈರ್ ಸಿಲಿಂಡರ್‌ನ ಬುಡವನ್ನು ಕಾಪಾಡಬಹುದು, ಆದರೆ ಅಲ್ಲಿಂದ ಅದು ಎಗರಿ ಯಾವ ಕಡೆಗೆ ವಾಲುತ್ತದೆ ಎಂದು ಯಾರೂ ಹೇಳಲಾರರು. ಹೇರಿದ ರೀತಿಯಲ್ಲೇ ಇಳಿಸಬೇಕು.

ಮೇಲಂತಸ್ತಿನ ಕೆಲಸಕ್ಕೆ ನನ್ನ ಸ್ಪಷ್ಟ ಸಲಹೆ: ಸಿಲಿಂಡರ್ ಅನ್ನು ಕೆಳಗೇ ನಿಲ್ಲಿಸಿ, ಹೋಸ್ ಅನ್ನು ಮೇಲಕ್ಕೆ ಒಯ್ಯಿರಿ. ಬಾಲ್ಕನಿಯ ಗ್ರಿಲ್‌ಗಾಗಿ ಸಿಲಿಂಡರ್ ಅನ್ನು ಹೆಗಲ ಮೇಲೆ ಹೊತ್ತು, ಇನ್ನೂ ರೇಲಿಂಗ್ ಬಾರದ ಮೆಟ್ಟಿಲು ಹತ್ತಿಸುವುದಕ್ಕಿಂತ ಇದು ಎಷ್ಟೋ ಮೇಲು. ಉದ್ದದ ಹೋಸ್‌ನಲ್ಲಿ ಒತ್ತಡ ಕುಸಿಯುತ್ತದೆ ನಿಜ. ಅದಕ್ಕೆ ಅಸಿಟಿಲಿನ್ ಒತ್ತಡವನ್ನು 1 ಬಾರ್ ದಾಟಿಸಬಾರದು, ಅಗಲ ಹೆಚ್ಚಿರುವ ಹೋಸ್ ಹಾಕಬೇಕು. ಕೆಳಗೆ ಸಿಲಿಂಡರ್ ಬಳಿ ವಾಲ್ವ್ ಮುಚ್ಚಬಲ್ಲ ಒಬ್ಬರು ಇರಲೇಬೇಕು, ಮೇಲಿನಿಂದ ಉದುರುವ ಕಿಡಿ ಅದರ ಮೇಲೆ ಬೀಳದಂತೆ ಜಾಗ ಆರಿಸಬೇಕು. ಸಿಲಿಂಡರ್ ಅನ್ನು ಮೇಲಕ್ಕೆತ್ತುವುದು ಅನಿವಾರ್ಯವಾದರೆ ಕ್ರೇಡಲ್‌ನಲ್ಲಿ (ಎತ್ತುವ ತೊಟ್ಟಿಲಿನಲ್ಲಿ) ನಿಲ್ಲಿಸಿ ಕಟ್ಟಿ ಎತ್ತಬೇಕು. ವಾಲ್ವ್‌ಗೆ ಅಥವಾ ಕ್ಯಾಪ್‌ಗೆ ಹಗ್ಗ ಕಟ್ಟಿ ಎಳೆಯುವುದು ನೇರ ಸಾವಿನ ದಾರಿ. ಲಿಫ್ಟ್‌ನಲ್ಲಿ ಒಯ್ಯುವಾಗ ಜೊತೆಯಲ್ಲಿ ಮನುಷ್ಯರು ಇರಬಾರದು.

ಸಂಪ್, ನೀರಿನ ಟ್ಯಾಂಕ್, ಬಾಯ್ಲರ್, ಬಾವಿಯಂತಹ ಇಕ್ಕಟ್ಟಿನ ಜಾಗಕ್ಕೆ ಸಿಲಿಂಡರ್ ಇಳಿಸಲೇಬಾರದು. ಊಟಕ್ಕೆ ಏಳುವಾಗ ಟಾರ್ಚ್ ಮತ್ತು ಹೋಸ್ ಅನ್ನೂ ಅಲ್ಲಿಂದ ಹೊರತೆಗೆಯಬೇಕು. ಅರ್ಧ ಗಂಟೆಯಲ್ಲಿ ನಾಬ್‌ನಿಂದ ಸೋರಿದ ಆಕ್ಸಿಜನ್ ಸಂಪ್‌ನ ಗಾಳಿಯನ್ನು ಬದಲಿಸಿರುತ್ತದೆ. ಮಾಮೂಲಿ ಗಾಳಿಯಲ್ಲಿ ಅದು ಸುಮಾರು ಶೇ. 21, ಶೇ. 23.5 ದಾಟಿದರೆ ಬಟ್ಟೆ, ಕೂದಲು ಹೊತ್ತಿಕೊಳ್ಳುವ ವೇಗವೇ ಬೇರೆಯಾಗುತ್ತದೆ. ಸೆಕೆ ಎಂದು ಆಕ್ಸಿಜನ್ ಬಿಟ್ಟುಕೊಳ್ಳುವುದು, ಬಟ್ಟೆಯ ಧೂಳನ್ನು ಆಕ್ಸಿಜನ್‌ನಿಂದ ಊದುವುದು ಇದೇ ಕಾರಣಕ್ಕೆ ಜೀವ ತೆಗೆಯುತ್ತದೆ. ಬಟ್ಟೆಯ ಎಳೆಗಳಲ್ಲಿ ಸೇರಿದ ಆಕ್ಸಿಜನ್ ಬಹಳ ಹೊತ್ತು ಉಳಿದಿರುತ್ತದೆ, ಆಮೇಲೆ ಬಿದ್ದ ಒಂದು ಕಿಡಿ ಸಾಕು.

## ಹಂತ 9: ನಿಲ್ಲಿಸಿ, ಜೋಡಿಸಿ, ತೆರೆಯುವುದು

ಸಿಲಿಂಡರ್ ಅನ್ನು ಕಂಬಕ್ಕೆ ಅಥವಾ ಟ್ರಾಲಿಗೆ ಸರಪಳಿಯಿಂದ ಕಟ್ಟಿದ ಮೇಲೆಯೇ ಕ್ಯಾಪ್ ತೆಗೆಯಿರಿ. ಕರೆಂಟ್ ಬೋರ್ಡ್, ಆರ್ಕ್ ವೆಲ್ಡಿಂಗ್‌ನ ಅರ್ಥ್ ಕೇಬಲ್ ಹತ್ತಿರ ನಿಲ್ಲಿಸಬೇಡಿ. ಹೋಲ್ಡರ್ ನೇತುಹಾಕಲು ಸಿಲಿಂಡರ್ ಗೂಟವಲ್ಲ, ಅದರ ಮೇಲೆ ಆರ್ಕ್ ಹೊಡೆದು ನೋಡುವುದಂತೂ ಕೂಡದು. ಡಿಎ ದಾರಿಯಲ್ಲಿ ಮಲಗಿದ್ದು ಗೊತ್ತಾದರೆ ಎಷ್ಟು ಹೊತ್ತು ಮಲಗಿತ್ತೋ ಕನಿಷ್ಠ ಅಷ್ಟು ಹೊತ್ತು ನಿಲ್ಲಿಸಿ. ಗೊತ್ತಿಲ್ಲದಿದ್ದರೆ ಒಂದು ಇಡೀ ದಿನ ಬಿಟ್ಟು ಬಳಸಿ.

ಆಕ್ಸಿಜನ್ ವಾಲ್ವ್‌ನ ಬಾಯಿ ಯಾರ ಕಡೆಗೂ ಇರದಂತೆ ತಿರುಗಿಸಿ, ಕ್ಷಣಮಾತ್ರ ತೆರೆದು ಮುಚ್ಚಿದರೆ ಅಲ್ಲಿನ ಧೂಳು ಹಾರಿಹೋಗುತ್ತದೆ. ರೆಗ್ಯುಲೇಟರ್ ಜೋಡಿಸುವಾಗ ಟೆಫ್ಲಾನ್ ಟೇಪ್, ಗ್ರೀಸ್, ಎಣ್ಣೆ ಯಾವುದೂ ಬೇಡ. ಲೋಹಕ್ಕೆ ಲೋಹ ಕೂತು ಮುಚ್ಚುವ ಜೋಡಣೆ ಅದು. ಸೋರಿದರೆ ಸೀಟ್ ಹಾಳಾಗಿದೆ ಎಂದರ್ಥ, ಟೇಪ್ ಅದಕ್ಕೆ ಮದ್ದಲ್ಲ. ಡಿಎ ಹೋಸ್ ತುಂಡಾದರೆ ತಾಮ್ರದ ಕೊಳವೆ ಹಾಕಿ ಜೋಡಿಸಬೇಡಿ. ಅಸಿಟಿಲಿನ್ ಶುದ್ಧ ತಾಮ್ರದೊಂದಿಗೆ ಸೇರಿ ತಟ್ಟಿದರೆ ಸಿಡಿಯುವ ಸಂಯುಕ್ತವನ್ನು ಉಂಟುಮಾಡುತ್ತದೆ. ಬೈಂಡಿಂಗ್ ವೈರ್ ಸುತ್ತಿದ ಹೋಸ್ ಜಾಗಕ್ಕೆ ಸರಿಯಾದ ಕ್ಲಿಪ್ ಬರಲಿ. ಎರಡೂ ರೆಗ್ಯುಲೇಟರ್‌ಗಳ ಹೊರಬಾಯಿಯಲ್ಲಿ ಹಿನ್ನುಗ್ಗುವ ಜ್ವಾಲೆಯನ್ನು ತಡೆಯುವ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ ಇಲ್ಲದೆ ಟಾರ್ಚ್ ಹೊತ್ತಿಸಬೇಡಿ.

ತೆರೆಯುವ ಮುನ್ನ ರೆಗ್ಯುಲೇಟರ್‌ನ ತಿರುಪು ಪೂರ್ತಿ ಸಡಿಲವಾಗಿರಬೇಕು. ಗೇಜ್‌ನ ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಂತು, ಆಕ್ಸಿಜನ್ ವಾಲ್ವ್ ಅನ್ನು ಅತಿ ನಿಧಾನವಾಗಿ ತೆರೆಯಿರಿ. ಒಮ್ಮೆಲೇ ತೆರೆದರೆ ಅನಿಲ ಒತ್ತಿಕೊಂಡು ಕಾಯುವ ಬಿಸಿಯೇ ರೆಗ್ಯುಲೇಟರ್‌ನ ಒಳಗಿನ ಸೀಲ್ ಅನ್ನು ಹೊತ್ತಿಸಬಲ್ಲದು. ಡಿಎ ವಾಲ್ವ್ ಅನ್ನು ಒಂದೂವರೆ ಸುತ್ತಿಗಿಂತ ಹೆಚ್ಚು ತೆರೆಯಬಾರದು, ಕೀ ವಾಲ್ವ್ ಮೇಲೆಯೇ ಇರಬೇಕು, ಜೇಬಿನಲ್ಲಲ್ಲ. ನಂತರ ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕುವ ಪದ್ಧತಿ ಇಂದಿಗೂ ಉಳಿದಿದೆ ಎಂಬುದೇ ನೋವಿನ ಸಂಗತಿ.

ಡಿಎ ಸಿಲಿಂಡರ್‌ನಿಂದ ಗಂಟೆಗೆ ಅದರ ಏಳನೇ ಒಂದು ಭಾಗಕ್ಕಿಂತ ಹೆಚ್ಚು ಅನಿಲ ತೆಗೆಯಬಾರದು. 6 ಘನ ಮೀಟರ್ ಇದ್ದರೆ ಗಂಟೆಗೆ ಸುಮಾರು 850 ಲೀಟರ್ ಮಿತಿ. ದೊಡ್ಡ ಹೀಟಿಂಗ್ ನಾಜಲ್ ಹಾಕುವವರು ಈ ಲೆಕ್ಕವನ್ನು ಮೊದಲೇ ಮಾಡಿಕೊಳ್ಳಬೇಕು.

## ಹಂತ 10: ದಾಸ್ತಾನು ಮತ್ತು ಖಾಲಿ ಸಿಲಿಂಡರ್

ಗಾಳಿಯಾಡುವ, ನೆರಳಿರುವ, ನೀರು ನಿಲ್ಲದ ಜಾಗ ಬೇಕು. ಆಕ್ಸಿಜನ್ ಮತ್ತು ಇಂಧನ ಸಿಲಿಂಡರ್‌ಗಳ ನಡುವೆ ಇಪ್ಪತ್ತು ಅಡಿ ಅಂತರ, ಇಲ್ಲವೇ ಬೆಂಕಿ ತಡೆಯುವ ಕನಿಷ್ಠ ಐದು ಅಡಿ ಎತ್ತರದ ಗೋಡೆ ಇರಲಿ. ತುಂಬಿದವು, ಖಾಲಿಯಾದವು ಬೇರೆ ಬೇರೆ ನಿಲ್ಲಲಿ, ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದಿರಲಿ.

ಖಾಲಿ ಸಿಲಿಂಡರ್ ನಿಜವಾಗಿ ಖಾಲಿಯಲ್ಲ. ಒಂದೆರಡು ಬಾರ್ ಒತ್ತಡ ಉಳಿದಿರುವಾಗಲೇ ಬಳಕೆ ನಿಲ್ಲಿಸಿ ವಾಲ್ವ್ ಮುಚ್ಚಬೇಕು. ಪೂರ್ತಿ ಹೀರಿ ತೆರೆದೇ ಬಿಟ್ಟರೆ ತೇವದ ಗಾಳಿ ಒಳಹೋಗಿ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಇಲ್ಲವೇ ಬೇರೆ ಅನಿಲ ಹಿಮ್ಮುಖವಾಗಿ ಸೇರಿಕೊಳ್ಳುತ್ತದೆ. ಖಾಲಿಯೆಂದು ಕ್ಯಾಪ್ ಇಲ್ಲದೆ ವಾಹನಕ್ಕೆ ಎಸೆಯುವುದು ತಪ್ಪು. ಮೇಲಿನ ಹಂತಗಳೆಲ್ಲ ಅದಕ್ಕೂ ಅಷ್ಟೇ ಅನ್ವಯಿಸುತ್ತವೆ.

## ಹಂತ 11: ಅಪಾಯದ ಸೂಚನೆಗಳು ಮತ್ತು ಆಗ ಮಾಡಬೇಕಾದದ್ದು

ಬೆಳ್ಳುಳ್ಳಿಯಂತಹ ವಾಸನೆ. ಡಿಎ ಸೋರುತ್ತಿದೆ. ಸುತ್ತಲಿನ ಬೆಂಕಿ ಆರಿಸಿ, ಸ್ವಿಚ್‌ಗಳನ್ನು ಮುಟ್ಟದೆ ವಾಲ್ವ್ ಮುಚ್ಚಿ. ನಿಲ್ಲದಿದ್ದರೆ, ಸುರಕ್ಷಿತವಾಗಿ ಸಾಧ್ಯವಾದಲ್ಲಿ ಟ್ರಾಲಿಯಲ್ಲಿ ಬಯಲಿಗೆ ಒಯ್ದು, ಜನರನ್ನು ದೂರವಿರಿಸಿ ಪೂರೈಕೆದಾರನಿಗೆ ತಿಳಿಸಿ.

ಟಾರ್ಚ್‌ನಲ್ಲಿ ಪಟಪಟ ಸದ್ದು, ಕೀಚಲು ಶಬ್ದ, ಕಪ್ಪು ಹೊಗೆ. ಜ್ವಾಲೆ ಹಿಂದಕ್ಕೆ ನುಗ್ಗಿದೆ. ಟಾರ್ಚ್‌ನ ಆಕ್ಸಿಜನ್ ಮೊದಲು, ಇಂಧನ ನಂತರ ಮುಚ್ಚಿ, ಕೂಡಲೇ ಎರಡೂ ಸಿಲಿಂಡರ್ ವಾಲ್ವ್ ಮುಚ್ಚಿ. ಕಾರಣ ತಿಳಿಯುವವರೆಗೆ ಮತ್ತೆ ಹೊತ್ತಿಸಬೇಡಿ.

ಆಕ್ಸಿಜನ್ ರೆಗ್ಯುಲೇಟರ್ ಮೇಲೆ ಮಸಿ ಅಥವಾ ಸುಟ್ಟ ವಾಸನೆ. ಅದನ್ನು ಬದಿಗಿಡಿ, ಬಿಚ್ಚಿ ರಿಪೇರಿ ಮಾಡಲು ಕೂರಬೇಡಿ.

ಡಿಎ ಸಿಲಿಂಡರ್‌ನ ಮೈ ಬಿಸಿಯಾಗುವುದು. ಇದು ಎಲ್ಲಕ್ಕಿಂತ ಗಂಭೀರ ಸೂಚನೆ. ಹಿನ್ನುಗ್ಗಿದ ಜ್ವಾಲೆಯಿಂದಾಗಲಿ ಹೊರಗಿನ ಬೆಂಕಿಯಿಂದಾಗಲಿ ಒಳಗೆ ಅಸಿಟಿಲಿನ್ ವಿಭಜನೆ ಶುರುವಾದರೆ ಮೈಯ ಒಂದು ಭಾಗ ತಾನಾಗಿ ಕಾಯತೊಡಗುತ್ತದೆ, ಬಣ್ಣ ಗುಳ್ಳೆ ಏಳುತ್ತದೆ. ಜ್ವಾಲೆ ಹಿನ್ನುಗ್ಗಿದ ಬೆನ್ನಿಗೇ, ವಾಲ್ವ್ ಮುಚ್ಚುವಾಗಲೇ ಕೈತಾಗಿ ಬಿಸಿ ತಿಳಿದರೆ, ಅಲ್ಲಿಂದ ಮುಂದೆ ಅದನ್ನು ಸರಿಸಬೇಡಿ, ಅಲುಗಿಸಬೇಡಿ, ಅನಿಲ ಹೊರಬಿಡಲು ಯತ್ನಿಸಬೇಡಿ. ಎಲ್ಲರನ್ನೂ ಹೊರಕಳುಹಿಸಿ, 112 ಅಥವಾ 101ಕ್ಕೆ ಕರೆಮಾಡಿ, ಅಲ್ಲಿರುವುದು ಡಿಎ ಸಿಲಿಂಡರ್ ಎಂದೂ ಎಷ್ಟಿವೆ ಎಂದೂ ಮೊದಲ ಮಾತಿನಲ್ಲೇ ತಿಳಿಸಿ. ಗೋಡೆಯ ಮರೆಯಿಂದ, ದೂರದಿಂದ ನೀರು ಹಾಯಿಸಲು ಸಾಧ್ಯವಿದ್ದರೆ ಮಾತ್ರ ಹಾಯಿಸಿ. ಹೊರಗಿನ ಬೆಂಕಿ ಆರಿದ ಎಷ್ಟೋ ಹೊತ್ತಿನ ಮೇಲೂ ಅದು ಸಿಡಿಯಬಲ್ಲದು. ನೀರು ನಿಲ್ಲಿಸಿದಾಗ ಮೈಯಿಂದ ಹಬೆ ಏಳುತ್ತಿದ್ದರೆ, ಅಥವಾ ತೇವ ಬೇಗನೆ ಆರುತ್ತಿದ್ದರೆ ಒಳಗೆ ಇನ್ನೂ ಬಿಸಿ ಇದೆ. ಅಗ್ನಿಶಾಮಕ ಸಿಬ್ಬಂದಿ ಅನುಮತಿಸುವವರೆಗೆ ವರ್ಕ್‌ಶಾಪ್ ಒಳಗೆ ಯಾರೂ ಹೋಗಕೂಡದು, ಮೊಬೈಲ್ ಅಥವಾ ಹಣದ ಪೆಟ್ಟಿಗೆ ಒಳಗೇ ಉಳಿದಿದ್ದರೂ ಸರಿಯೇ.